ಬ್ರೆಕ್ಸಿಟ್: ಹೊರಗೆ ಬಂದ ಮೇಲೂ ಮುಗಿಯದ ಜಗಳ (ಪದೇ ಪದೇ ಕೇಳುವ ಪ್ರಶ್ನೆಗಳು)

ಇಂಗ್ಲೆಂಡಿನಲ್ಲಿ ಕೆಲವು ವರ್ಷ ದುಡಿದು ಊರಿಗೆ ಬಂದವರನ್ನು ಜನ ಎರಡೇ ವಿಷಯ ಕೇಳುತ್ತಾರೆ. ಒಂದು, ಅಲ್ಲಿ ಚಳಿ ಹೇಗೆ. ಇನ್ನೊಂದು, ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಆ ಬ್ರೆಕ್ಸಿಟ್ ಕಥೆ ಕೊನೆಗೆ ಏನಾಯಿತು. ಚಳಿಯ ಮಾತು ಬೇಗ ಮುಗಿಯುತ್ತದೆ. ಎರಡನೆಯದಕ್ಕೆ ಪ್ರತಿ ಸಲ ಒಂದು ಕಾಫಿ ಸಾಲುವುದಿಲ್ಲ. ಮದುವೆ ಮನೆಯಲ್ಲಿ, ಆಫೀಸಿನಲ್ಲಿ, ವೀಸಾಕ್ಕೆ ಅರ್ಜಿ ಹಾಕುವ ಹುಡುಗರಿಂದ ನಾನು ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಬ್ರಿಟನ್ ಯುರೋಪಿನಲ್ಲೇ ಇದೆಯಲ್ಲ? ಅಲ್ಲಿಂದ ಹೊರಗೆ ಬಂತು ಅಂದ್ರೆ ಏನರ್ಥ?

ಭೂಪಟ ಹಾಗೇ ಇದೆ. ಡೋವರ್‌ನಿಂದ ಫ್ರಾನ್ಸಿಗೆ ಇಂದಿಗೂ 33 ಕಿಲೋಮೀಟರೇ. ಬ್ರಿಟನ್ ಬಿಟ್ಟದ್ದು ಐರೋಪ್ಯ ಒಕ್ಕೂಟವನ್ನು. ಅದರಲ್ಲಿ ಈಗ 27 ದೇಶಗಳಿವೆ. ಅವುಗಳ ನಡುವೆ ಸರಕು, ಸೇವೆ, ಬಂಡವಾಳ, ಜನ ನಾಲ್ಕೂ ಅಡ್ಡಿಯಿಲ್ಲದೆ ಓಡಾಡಬೇಕು ಎಂಬುದು ಮೂಲ ಕರಾರು.

ಬ್ರಿಟನ್ ಈ ಕೂಟಕ್ಕೆ ಸೇರಿದ್ದೇ ತಡವಾಗಿ. ಎರಡು ಸಲ ಕೇಳಿತ್ತು. 1963ರಲ್ಲಿ ಒಮ್ಮೆ, 1967ರಲ್ಲಿ ಇನ್ನೊಮ್ಮೆ ಫ್ರಾನ್ಸಿನ ಅಧ್ಯಕ್ಷ ದ ಗಾಲ್ 'ಬೇಡ' ಎಂದರು. ಕೊನೆಗೆ 1973ರ ಜನವರಿ 1ರಂದು ಒಳಗೆ ಬಂತು. ಎರಡೇ ವರ್ಷಕ್ಕೆ, 1975ರಲ್ಲಿ, 'ಇರಬೇಕಾ, ಬೇಡವಾ' ಎಂದು ಜನರನ್ನೇ ಕೇಳಿದರು. 67 ಪರ್ಸೆಂಟ್ ಜನ 'ಇರೋಣ' ಎಂದರು. ಆಗ 'ಇರೋಣ' ಎಂದು ಪ್ರಚಾರ ಮಾಡಿದವರಲ್ಲಿ ಮಾರ್ಗರೆಟ್ ಥ್ಯಾಚರ್ ಕೂಡ ಇದ್ದರು! ಅದೇ ಥ್ಯಾಚರ್ ಆಮೇಲೆ ಪ್ರಧಾನಿಯಾಗಿ 1984ರಲ್ಲಿ ಪಟ್ಟು ಹಿಡಿದು, ಒಕ್ಕೂಟಕ್ಕೆ ಕಟ್ಟುವ ಹಣದಲ್ಲಿ ಒಂದು ಭಾಗವನ್ನು ರಿಯಾಯಿತಿಯಾಗಿ ವಾಪಸ್ ತಂದರು.

ಯೂರೋ ನಾಣ್ಯವನ್ನು ಬ್ರಿಟನ್ ಒಪ್ಪಲಿಲ್ಲ, ಒಂದೇ ವೀಸಾದಲ್ಲಿ ಹಲವು ದೇಶ ಸುತ್ತಬಹುದಾದ ಷೆಂಗೆನ್ ವ್ಯವಸ್ಥೆಗೂ ಸೇರಲಿಲ್ಲ. ನಮ್ಮಲ್ಲಿ ಕೆಲವರು ನೆಂಟರ ಮದುವೆಗೆ ಹೋದರೂ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುತ್ತಾರಲ್ಲ, ಹಾಗೆ.

ಹಾಗಿದ್ದ ಮೇಲೆ 2016ರಲ್ಲಿ ಮತ್ತೆ ಜನರನ್ನು ಕೇಳುವ ಉಸಾಬರಿ ಯಾಕೆ ಬೇಕಿತ್ತು?

ಪಕ್ಷದ ಒಳಜಗಳ. ಕನ್ಸರ್ವೇಟಿವ್ ಪಕ್ಷದಲ್ಲಿ ಯುರೋಪ್ ಬೇಡ ಎನ್ನುವ ಗುಂಪು ಮೊದಲಿಂದಲೂ ಇತ್ತು. ಹೊರಗಿನಿಂದ, ಒಕ್ಕೂಟ ಬಿಡಲೇಬೇಕು ಎನ್ನುತ್ತಿದ್ದ ನೈಜೆಲ್ ಫರಾಜ್ ಅವರ ಯೂಕಿಪ್ ಪಕ್ಷ ಓಟು ಕೀಳುತ್ತಿತ್ತು. ಎರಡನ್ನೂ ಒಂದೇ ಏಟಿಗೆ ಮುಗಿಸೋಣ ಎಂದು ಪ್ರಧಾನಿ ಡೇವಿಡ್ ಕ್ಯಾಮರಾನ್ 2013ರಲ್ಲಿ ಮಾತು ಕೊಟ್ಟರು. 2015ರಲ್ಲಿ ಬಹುಮತ ಬಂದಾಗ ಕೊಟ್ಟ ಮಾತು ಕೊರಳಿಗೆ ಸುತ್ತಿಕೊಂಡಿತು.

2016ರ ಜೂನ್ 23ರಂದು ಮತದಾನ ಆಯಿತು. ಬಿಡೋಣ ಎಂದವರು 51.9 ಪರ್ಸೆಂಟ್, ಇರೋಣ ಎಂದವರು 48.1. ಇಂಗ್ಲೆಂಡ್ ಮತ್ತು ವೇಲ್ಸ್ ಬಿಡೋಣ ಎಂದವು. ಸ್ಕಾಟ್ಲೆಂಡಿನಲ್ಲಿ 62 ಪರ್ಸೆಂಟ್ ಜನ ಇರೋಣ ಎಂದರು. ಉತ್ತರ ಐರ್ಲೆಂಡ್ ಕೂಡ ಇರೋಣ ಎಂದಿತು. ಕ್ಯಾಮರಾನ್ ಮರುದಿನ ಬೆಳಿಗ್ಗೆಯೇ ರಾಜೀನಾಮೆ ಘೋಷಿಸಿದರು.

ಓಟಿನ ಚೀಟಿಯಲ್ಲಿ ಇದ್ದದ್ದು ಎರಡೇ ಆಯ್ಕೆ: ಇರುವುದು, ಬಿಡುವುದು. ಬಿಟ್ಟ ಮೇಲೆ ಹೇಗಿರಬೇಕು ಎಂದು ಅದರಲ್ಲಿ ಕೇಳಿರಲಿಲ್ಲ. ನಾರ್ವೆಯ ಹಾಗೆ ಅರ್ಧ ಒಳಗಿರುವುದಾ, ಪೂರ್ತಿ ಕಡಿದುಕೊಳ್ಳುವುದಾ? ಆಮೇಲಿನ ಮೂರೂವರೆ ವರ್ಷ ಪಾರ್ಲಿಮೆಂಟ್ ಹೊಡೆದಾಡಿದ್ದು ಇದಕ್ಕೇ. ಕ್ಯಾಮರಾನ್ ನಂತರ ಪ್ರಧಾನಿಯಾದ ತೆರೇಸಾ ಮೇ ತಂದ ಒಪ್ಪಂದವನ್ನು ಸಂಸದರು ಮೂರು ಸಲ ತಿರಸ್ಕರಿಸಿದರು. ಆಮೇಲೆ ಬೋರಿಸ್ ಜಾನ್ಸನ್ ಬಂದರು, ಚುನಾವಣೆ ಗೆದ್ದರು. 2020ರ ಜನವರಿ 31ರ ರಾತ್ರಿ 11 ಗಂಟೆಗೆ ಬ್ರಿಟನ್ ಹೊರಗೆ ಬಂತು. ಒಕ್ಕೂಟದ ಮುಖ್ಯ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ಆಗ ನಡುರಾತ್ರಿ 12. ಹೊರಡುವ ಗಳಿಗೆಯನ್ನು ಕೂಡ ಅವರ ಗಡಿಯಾರ ನೋಡಿಯೇ ಇಟ್ಟಿದ್ದರು.

ವ್ಯಾಪಾರದ ನಿಯಮ ಅಂದ್ರೆ ಸುಂಕ ತಾನೆ? ಅದಕ್ಕೆ ಇಷ್ಟೊಂದು ಗಲಾಟೆಯಾ?

ಸುಂಕ ಇಲ್ಲಿ ಚಿಕ್ಕ ವಿಷಯ. ಮಾವಿನಹಣ್ಣಿನ ಕಥೆ ಕೇಳಿ, ಅರ್ಥವಾಗುತ್ತದೆ.

2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವಿನಹಣ್ಣನ್ನು ನಿಷೇಧಿಸಿತು. ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವನ್ನೂ ಸೇರಿಸಿತು. ಹಿಂದಿನ ವರ್ಷ ಹೋದ ಪೆಟ್ಟಿಗೆಗಳಲ್ಲಿ ಹಣ್ಣುನೊಣ ಮತ್ತಿತರ ಕೀಟಗಳು ಸಿಕ್ಕಿದ್ದವು. ಯುರೋಪಿನಲ್ಲಿ ನಮ್ಮ ಆಪೂಸಿಗೆ ದೊಡ್ಡ ಗಿರಾಕಿ ಅಂದರೆ ಬ್ರಿಟನ್ನೇ. ಲೆಸ್ಟರ್, ಲಂಡನ್ನಿನ ಭಾರತೀಯ ಅಂಗಡಿಯವರಿಗೆ ಮೇ ಮತ್ತು ಜೂನ್ ಅಂದರೆ ಸುಗ್ಗಿ. ಅವರು ಕೂಗಾಡಿದರು, ಸಂಸದರು ಪ್ರಶ್ನೆ ಎತ್ತಿದರು, ಕ್ಯಾಮರಾನ್ ಕೂಡ ಇದನ್ನು ಮಾತಾಡಿ ಬಗೆಹರಿಸೋಣ ಎಂದರು. ಆದರೆ ಬ್ರಿಟನ್ ತಾನೊಬ್ಬನೇ ನಿಷೇಧ ತೆಗೆಯುವ ಹಾಗಿರಲಿಲ್ಲ. 'ನಮ್ಮ ದೇಶದಲ್ಲಿ ನಾವು ಮಾವಿನಹಣ್ಣು ತಿನ್ನಲು ಬ್ರಸೆಲ್ಸ್ ಯಾಕೆ ಅಪ್ಪಣೆ ಕೊಡಬೇಕು?' ಎಂದು ಯಾರಿಗಾದರೂ ಸಿಟ್ಟು ಬಂದರೆ ಅದು ಸಹಜವೇ.

ಈಗ ಇನ್ನೊಂದು ಬದಿ ನೋಡಿ. ಬ್ರಿಟನ್ನಿಗೆ ಬಂದ ಪೆಟ್ಟಿಗೆ ಯಾರೂ ಬಿಚ್ಚಿ ನೋಡದೆ ಫ್ರಾನ್ಸ್, ಸ್ಪೇನ್‌ಗೆ ಹೋಗಬಹುದಿತ್ತು. ಲಂಡನ್ನಿನ ಚಳಿಯಲ್ಲಿ ಹಣ್ಣುನೊಣ ಸಾಯುತ್ತದೆ. ಸ್ಪೇನಿನ ಬಿಸಿಲಿನಲ್ಲಿ ಅದು ಸಂಸಾರ ಹೂಡುತ್ತದೆ. ಗಡಿಯಲ್ಲಿ ತಪಾಸಣೆ ಇಲ್ಲ ಅಂದ ಮೇಲೆ ನಿಯಮ ಎಲ್ಲರಿಗೂ ಒಂದೇ ಇರಬೇಕು. ಏಕ ಮಾರುಕಟ್ಟೆ ಎಂದರೆ ಇಷ್ಟೇ. ಭಾರತ ಪ್ಯಾಕಿಂಗ್ ಮನೆಗಳ ವ್ಯವಸ್ಥೆ ಸುಧಾರಿಸಿದ ಮೇಲೆ 2015ರ ಆರಂಭದಲ್ಲಿ ಮಾವಿನ ಮೇಲಿನ ನಿಷೇಧ ಎದ್ದಿತು.

ನಿಯಮ ನಮ್ಮದೇ ಬೇಕು ಅಂದರೆ ಗಡಿಯಲ್ಲಿ ತಪಾಸಣೆ ಬರುತ್ತದೆ. ತಪಾಸಣೆ ಬೇಡ ಅಂದರೆ ಬೇರೆಯವರ ಜೊತೆ ಕೂತು ಬರೆದ ನಿಯಮ ಒಪ್ಪಬೇಕು. ಬ್ರೆಕ್ಸಿಟ್ ಪ್ರಚಾರದಲ್ಲಿ ಎರಡೂ ಒಟ್ಟಿಗೆ ಸಿಗುತ್ತದೆ ಎಂದು ಹೇಳಿದವರು ಸುಳ್ಳು ಹೇಳಿದರು ಎಂದೇ ನನ್ನ ಅಭಿಪ್ರಾಯ.

ಬಾಳೆಹಣ್ಣು ಸೊಟ್ಟಗಿರಬಾರದು ಅಂತ ಯುರೋಪಿನಲ್ಲಿ ಕಾನೂನು ಇತ್ತಂತೆ, ನಿಜವಾ?

ಅರ್ಧ ನಿಜ. 1994ರ ಒಂದು ನಿಯಮದಲ್ಲಿ ಬಾಳೆಹಣ್ಣು 'ಅಸಹಜವಾಗಿ ಬಾಗಿರಬಾರದು' ಎಂಬ ಅರ್ಥದ ಮಾತು ಇತ್ತು. ಅದು ದರ್ಜೆ ನಿಗದಿ ಮಾಡುವ ನಿಯಮ. ನಮ್ಮ ಮಂಡಿಯಲ್ಲಿ ಒಂದನೇ ನಂಬರ್, ಎರಡನೇ ನಂಬರ್ ಎಂದು ವಿಂಗಡಿಸುವುದಿಲ್ಲವಾ, ಹಾಗೆ. ಸೊಟ್ಟ ಬಾಳೆಹಣ್ಣನ್ನು ಯಾರೂ ನಿಷೇಧಿಸಿರಲಿಲ್ಲ. ಸೌತೆಕಾಯಿ ಎಷ್ಟು ಬಾಗಬಹುದು ಎಂಬ ನಿಯಮವೂ ಇತ್ತು. ಅದನ್ನು 2009ರಲ್ಲಿ ಕೈಬಿಟ್ಟರು. ಆದರೆ ಬ್ರಿಟಿಷ್ ಪತ್ರಿಕೆಗಳಿಗೆ ಬಾಳೆಹಣ್ಣು ಸಿಕ್ಕಿತ್ತು. ಬಿಡುತ್ತಾರಾ?

ಒಪ್ಪಂದದಲ್ಲಿ ಸುಂಕ ಸೊನ್ನೆ ಅಂತ ಓದಿದ್ದೆ. ಮತ್ತೆ ವ್ಯಾಪಾರಿಗಳ ಗೋಳೇನು?

2020ರ ಕ್ರಿಸ್‌ಮಸ್ ಹಿಂದಿನ ದಿನ ಬ್ರಿಟನ್ ಮತ್ತು ಒಕ್ಕೂಟದ ಆ ವ್ಯಾಪಾರ ಒಪ್ಪಂದ ಕುದುರಿತು. 1,200ಕ್ಕೂ ಜಾಸ್ತಿ ಪುಟ. ಸುಂಕ ಸೊನ್ನೆ, ಕೋಟಾ ಇಲ್ಲ. ನಿಜ. ಆದರೆ ಸುಂಕವಿಲ್ಲದೆ ಹೋಗಬೇಕಾದರೆ ಸರಕು 'ಬ್ರಿಟನ್ನಿನಲ್ಲೇ ತಯಾರಾದದ್ದು' ಎಂದು ತೋರಿಸಬೇಕು. ಇದಕ್ಕೆ ಮೂಲದ ನಿಯಮ ಎನ್ನುತ್ತಾರೆ.

ಒಂದು ಅಂಗಿಯನ್ನು ಹಿಂಬಾಲಿಸಿ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿ ಇಂಗ್ಲೆಂಡಿನ ಗೋದಾಮಿಗೆ ಹೋಗುತ್ತದೆ. ಅಲ್ಲಿಂದ ಡಬ್ಲಿನ್ನಿನ ಅಂಗಡಿಗೆ ಹೊರಡುತ್ತದೆ. ಮೊದಲಾದರೆ ಲಾರಿ ಸುಮ್ನೆ ಹೋಗುತ್ತಿತ್ತು. ಈಗ ಐರ್ಲೆಂಡಿನ ಕಸ್ಟಮ್ಸ್‌ನವರು ಕೇಳುತ್ತಾರೆ: 'ಇದು ಬ್ರಿಟನ್ನಿನ ಅಂಗಿಯಾ?' ಅಲ್ಲ, ಭಾರತದ್ದು. ಹಾಗಾದರೆ ಐರೋಪ್ಯ ಸುಂಕ ಕಟ್ಟಿ. ಗೋದಾಮಿನಲ್ಲಿ ಮಡಚಿ ಇಟ್ಟು ಹೊಸ ಚೀಟಿ ಅಂಟಿಸಿದ ಮಾತ್ರಕ್ಕೆ ಅಂಗಿಯ ಊರು ಬದಲಾಗುವುದಿಲ್ಲ.

ತಿನ್ನುವ ವಸ್ತುಗಳ ಪಾಡು ಇನ್ನೂ ಬಿಗಿ. ಮಾಂಸ, ಹಾಲು, ಮೀನು ಕಳಿಸಬೇಕಾದರೆ ಪಶುವೈದ್ಯರು ಇಲ್ಲವೇ ಅಧಿಕೃತ ತಪಾಸಕರ ಸಹಿ ಇರುವ ಆರೋಗ್ಯ ಪತ್ರ ಬೇಕು. ಒಂದೇ ಲಾರಿಯಲ್ಲಿ ಹತ್ತು ವ್ಯಾಪಾರಿಗಳ ಸರಕು ಇದ್ದು, ಒಬ್ಬರ ಕಾಗದದಲ್ಲಿ ತಪ್ಪಿದ್ದರೆ ಇಡೀ ಲಾರಿ ನಿಲ್ಲುತ್ತದೆ. ದೊಡ್ಡ ಕಂಪನಿಗಳಿಗೆ ಇದಕ್ಕೆಂದೇ ಜನರಿರುತ್ತಾರೆ. ವಾರಕ್ಕೆ ನಾಲ್ಕು ಪೆಟ್ಟಿಗೆ ಚೀಸ್ ಕಳಿಸುತ್ತಿದ್ದವರಿಗೆ ಕಾಗದದ ಖರ್ಚೇ ಚೀಸಿಗಿಂತ ಜಾಸ್ತಿಯಾಗುತ್ತದೆ. ಅಂಥವರಲ್ಲಿ ಎಷ್ಟೋ ಜನ ಯುರೋಪಿಗೆ ಕಳಿಸುವುದನ್ನೇ ನಿಲ್ಲಿಸಿದರು.

2021ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಬಂದರಿನಲ್ಲಿ ಟಿವಿಯವರು ತೆಗೆದ ಒಂದು ದೃಶ್ಯ ತುಂಬಾ ಓಡಾಡಿತು. ಬ್ರಿಟನ್ನಿನಿಂದ ಬಂದ ಲಾರಿ ಡ್ರೈವರ್ ಬುತ್ತಿ ಕಟ್ಟಿಕೊಂಡು ಬಂದಿದ್ದ. ಫಾಯಿಲ್ ಸುತ್ತಿದ ಹ್ಯಾಮ್ ಸ್ಯಾಂಡ್‌ವಿಚ್. ಅಧಿಕಾರಿ ಅದನ್ನು ಕಿತ್ತುಕೊಂಡರು. ಮಾಂಸವನ್ನು ತೆಗೆದುಕೊಂಡು ಬ್ರೆಡ್ಡನ್ನಾದರೂ ಬಿಡಿ ಎಂದ ಪಾಪ. ಅದನ್ನೂ ಬಿಡಲಿಲ್ಲ. 'ಬ್ರೆಕ್ಸಿಟ್‌ಗೆ ಸ್ವಾಗತ' ಎಂದು ಹೇಳಿ ಕಳಿಸಿದರು.

ಇತ್ತ ಬ್ರಿಟನ್ ಮಾತ್ರ ಒಳಗೆ ಬರುವ ಆಹಾರದ ತಪಾಸಣೆಯನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 2024ರಲ್ಲಿ ಶುರುಮಾಡಿತು. ಅಂಗಡಿಯಲ್ಲಿ ಟೊಮೇಟೊ ರೇಟು ಏರಿದರೆ ಯಾರನ್ನು ಬೈಯುತ್ತಾರೆ ಎಂದು ಮಂತ್ರಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಉತ್ತರ ಐರ್ಲೆಂಡಿನದು ಏನು ಅಷ್ಟು ಕಗ್ಗಂಟು?

ಅಣ್ಣತಮ್ಮಂದಿರು ಪಾಲಾದರೂ ಹಿತ್ತಲ ಬಾವಿ ಒಂದೇ ಇದ್ದ ಹಾಗೆ. ಐರ್ಲೆಂಡ್ ದ್ವೀಪದ ಮೇಲ್ಭಾಗ ಬ್ರಿಟನ್ನಿಗೆ ಸೇರಿದ್ದು, ಉಳಿದದ್ದು ಒಕ್ಕೂಟದಲ್ಲಿರುವ ಬೇರೆ ದೇಶ. ನಡುವೆ ಸುಮಾರು 500 ಕಿಲೋಮೀಟರ್ ಗಡಿ. ದಾಟಲು 200ಕ್ಕೂ ಹೆಚ್ಚು ದಾರಿಗಳು. ಬ್ರಿಟನ್ನಿನಲ್ಲೇ ಇರಬೇಕು ಎನ್ನುವವರಿಗೂ ಐರ್ಲೆಂಡಿಗೆ ಸೇರಬೇಕು ಎನ್ನುವವರಿಗೂ ನಡೆದ ದಶಕಗಳ ಹಿಂಸೆ ನಿಂತಿದ್ದು 1998ರ ಶುಭ ಶುಕ್ರವಾರದ ಒಪ್ಪಂದದಿಂದ. ಆ ಗಡಿಯಲ್ಲಿ ಮತ್ತೆ ಚೆಕ್‌ಪೋಸ್ಟ್ ಹಾಕಿದರೆ ಹಳೇ ಗಾಯ ಕೆದಕಿದ ಹಾಗೆ ಎಂದು ಎಲ್ಲರಿಗೂ ಹೆದರಿಕೆ.

ಹಾಗಾದರೆ ತಪಾಸಣೆ ಎಲ್ಲಿ? ಸಮುದ್ರದಲ್ಲಿ. ಇಂಗ್ಲೆಂಡಿನಿಂದ ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ಗೆ, ಅಂದರೆ ತಮ್ಮದೇ ದೇಶದ ಒಳಗೆ, ಸರಕು ಕಳಿಸಲು ಕಾಗದ ತುಂಬಬೇಕಾಯಿತು. 'ನಾವು ಬ್ರಿಟಿಷರು' ಎನ್ನುವ ಅಲ್ಲಿನ ಯೂನಿಯನಿಸ್ಟರಿಗೆ ಇದು ಅವಮಾನ. 2023ರ ಫೆಬ್ರವರಿಯಲ್ಲಿ ರಿಷಿ ಸುನಕ್ ಮಾಡಿಕೊಂಡ ವಿಂಡ್ಸರ್ ಒಪ್ಪಂದ ಇದನ್ನು ಸ್ವಲ್ಪ ಸಡಿಲಿಸಿತು. ಬೆಲ್‌ಫಾಸ್ಟ್‌ನಲ್ಲೇ ಉಳಿಯುವ ಸರಕಿಗೆ ಹಸಿರು ಸಾಲು, ಗಡಿ ದಾಟಬಹುದಾದ್ದಕ್ಕೆ ಕೆಂಪು ಸಾಲು. ಅದರ ಗುರುತಾಗಿ ಹಾಲಿನ ಬಾಟಲಿ, ಮಾಂಸದ ಪೊಟ್ಟಣದ ಮೇಲೆ 'ಐರೋಪ್ಯ ಒಕ್ಕೂಟಕ್ಕಲ್ಲ' ಎಂಬ ಚೀಟಿ ಬಂತು. ಇಂಗ್ಲೆಂಡಿನ ಅಂಗಡಿಗಳಲ್ಲೂ ಕಾಣಿಸುತ್ತಿತ್ತು. ಹಾಲೇನೋ ಕೆಟ್ಟಿರಬೇಕು ಎಂದು ಮೊದಲ ದಿನ ವಾಪಸ್ ಇಟ್ಟವರಲ್ಲಿ ನಾನೂ ಒಬ್ಬ.

ಕೆಂಪು ಬಸ್ಸಿನ ಮೇಲೆ ಬರೆದಿದ್ದ ದುಡ್ಡು ಬಂತಾ?

'ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಕಳಿಸುತ್ತೇವೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಹಾಕೋಣ' ಎಂಬ ಅರ್ಥದ ಬರಹ ಅದು. 2016ರಲ್ಲಿ 'ಬಿಡೋಣ' ಎಂದು ಪ್ರಚಾರ ಮಾಡಿದವರು ಓಡಿಸಿದ ಬಸ್ಸು. ಲೆಕ್ಕವೇ ತಪ್ಪು. ಥ್ಯಾಚರ್ ತಂದ ರಿಯಾಯಿತಿಯನ್ನು ಅದರಲ್ಲಿ ಕಳೆದಿರಲಿಲ್ಲ. ರೈತರಿಗೆ, ವಿಶ್ವವಿದ್ಯಾಲಯಗಳಿಗೆ ವಾಪಸ್ ಬರುತ್ತಿದ್ದ ಹಣವನ್ನೂ ಕಳೆದಿರಲಿಲ್ಲ. 2017ರಲ್ಲಿ ಜಾನ್ಸನ್ ಅದೇ ಅಂಕಿ ಮತ್ತೆ ಎತ್ತಿದಾಗ, ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರದ ಮುಖ್ಯಸ್ಥರೇ ಇದು ಅಂಕಿಗಳ ದುರ್ಬಳಕೆ ಎಂದು ಅವರಿಗೆ ಪತ್ರ ಬರೆದರು. ಆಸ್ಪತ್ರೆಗಳ ಬಜೆಟ್ ಆಮೇಲೆ ಏರಿದ್ದು ನಿಜ. ಅದು ಯುರೋಪಿನಿಂದ ಉಳಿದ ದುಡ್ಡಲ್ಲ, ತೆರಿಗೆ ಮತ್ತು ಸಾಲ.

ವಲಸೆ ಕಡಿಮೆ ಮಾಡೋಕೆ ಅಂತ ಓಟು ಹಾಕಿದರು. ಆಮೇಲೆ ನಮ್ಮವರೇ ಜಾಸ್ತಿ ಹೋದರಲ್ಲ, ಅದು ಹೇಗೆ?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ.

ಒಕ್ಕೂಟದಲ್ಲಿ ಇರುವಾಗ ಪೋಲೆಂಡಿನವರು ಲಂಡನ್ನಿಗೆ ಹೋಗುವುದು, ರಾಯಚೂರಿನವರು ಬೆಂಗಳೂರಿಗೆ ಬಂದ ಹಾಗೆ. ವೀಸಾ ಬೇಡ, ಯಾರನ್ನೂ ಕೇಳಬೇಕಾಗಿಲ್ಲ. 2004ರಲ್ಲಿ ಪೂರ್ವ ಯುರೋಪಿನ ಎಂಟು ದೇಶಗಳು ಸೇರಿದಾಗ ಹೆಚ್ಚಿನ ಹಳೇ ಸದಸ್ಯರು ಕೆಲವು ವರ್ಷ ಬಾಗಿಲು ಮುಚ್ಚಿಟ್ಟರು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಮೂರೇ ದೇಶ ತಕ್ಷಣ ತೆರೆದವು. ಸರ್ಕಾರ ಮಾಡಿಸಿದ ಅಂದಾಜಿನ ಪ್ರಕಾರ ವರ್ಷಕ್ಕೆ ನಿವ್ವಳ 5,000ದಿಂದ 13,000 ಜನ ಬರಬೇಕಿತ್ತು. ಬಂದವರೆಷ್ಟು? 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರೇ 5 ಲಕ್ಷಕ್ಕಿಂತ ಜಾಸ್ತಿ ಇದ್ದರು.

ಲಿಂಕನ್‌ಶೈರಿನಲ್ಲಿ ಬೋಸ್ಟನ್ ಅಂತ ಒಂದು ಊರಿದೆ. ಸುತ್ತಲೂ ಕೋಸು, ಆಲೂಗಡ್ಡೆ ಹೊಲ. ಕೊಯ್ಯಲು, ಪ್ಯಾಕ್ ಮಾಡಲು ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಬಂದರು. ಆಸ್ಪತ್ರೆ, ಶಾಲೆ, ಬಾಡಿಗೆ ಮನೆ ಅದೇ ವೇಗದಲ್ಲಿ ಬೆಳೆಯಲಿಲ್ಲ. ಅಲ್ಲಿ 75.6 ಪರ್ಸೆಂಟ್ ಜನ ಬಿಡೋಣ ಎಂದರು. ಅವರನ್ನೆಲ್ಲ ಜನಾಂಗದ್ವೇಷಿಗಳು ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಬಂದವರ ತೆರಿಗೆ ಲಂಡನ್ನಿನ ಖಜಾನೆಗೆ ಹೋಯಿತು, ಡಾಕ್ಟರ ಬಾಗಿಲಲ್ಲಿ ಕ್ಯೂ ಬೋಸ್ಟನ್ನಿನಲ್ಲಿ ಬೆಳೆಯಿತು.

ನಮ್ಮ ಕಡೆಯವರೂ ಬಿಡೋಣ ಎಂದು ಓಟು ಹಾಕಿದ್ದರು. ಯುರೋಪಿನವರು ಸುಮ್ನೆ ಬರುತ್ತಾರೆ, ನಮಗೆ ಒಬ್ಬ ಅಡುಗೆಯವರನ್ನು ಕರೆಸಲು ನೂರೆಂಟು ಕಾಗದ ಎಂಬ ಕೋಪ ಬಾಂಗ್ಲಾದೇಶಿ, ಭಾರತೀಯ ಹೋಟೆಲಿನವರಿಗೆ ಇತ್ತು. 'ಕರಿ ಹೌಸ್ ಉಳಿಸಿ' ಎಂಬ ಪ್ರಚಾರವೇ ನಡೆಯಿತು. ಬ್ರೆಕ್ಸಿಟ್ ಆದರೆ ನಿಮ್ಮ ಬಾಣಸಿಗರಿಗೆ ದಾರಿ ಆಗುತ್ತದೆ ಎಂದು ಆಗ ಮಂತ್ರಿಯಾಗಿದ್ದ ಪ್ರೀತಿ ಪಟೇಲ್ ಮುಂತಾದವರು ಹೇಳಿದರು. ಹೋಟೆಲಿನವರು ನಿರೀಕ್ಷಿಸಿದ ಹಾಗೆ ಆ ದಾರಿ ತೆರೆಯಲಿಲ್ಲ.

2021ರಿಂದ ಅಂಕಗಳ ಪದ್ಧತಿ ಬಂತು. ಫ್ರೆಂಚರಿಗೂ ನಮಗೂ ಒಂದೇ ನಿಯಮ: ಕೆಲಸ, ಸಂಬಳ, ಇಂಗ್ಲಿಷ್. ಓದು ಮುಗಿಸಿದವರು ಎರಡು ವರ್ಷ ಇದ್ದು ಕೆಲಸ ಹುಡುಕಬಹುದು ಎಂದರು. ಇದೇ ಸೌಲಭ್ಯವನ್ನು 2012ರಲ್ಲಿ ತೆಗೆದಿದ್ದವರು ಆಗ ಗೃಹಮಂತ್ರಿಯಾಗಿದ್ದ ತೆರೇಸಾ ಮೇ. 2022ರಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಕೆಲಸಕ್ಕೂ ವೀಸಾ ಕೊಟ್ಟರು. ಉಕ್ರೇನ್, ಹಾಂಗ್‌ಕಾಂಗ್‌ನವರೂ ಬಂದರು. ಬಂದವರಲ್ಲಿ ಹೋದವರನ್ನು ಕಳೆದರೆ ಉಳಿಯುವ ನಿವ್ವಳ ವಲಸೆ 2023ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 9 ಲಕ್ಷ ದಾಟಿತು. ಕ್ಯಾಮರಾನ್ ಹಿಂದೆ ಒಂದು ಲಕ್ಷದೊಳಗೆ ತರುತ್ತೇನೆ ಎಂದಿದ್ದರು! ಬಂದವರ ಪಟ್ಟಿಯಲ್ಲಿ ಭಾರತೀಯರೇ ಮೊದಲು. ಯುರೋಪಿನವರಲ್ಲಿ ಬಂದವರಿಗಿಂತ ಹೋದವರೇ ಜಾಸ್ತಿ.

ಲಗಾಮು ಕೈಗೆ ಸಿಕ್ಕಿತು. ಹಿಡಿದವರು ಅದನ್ನು ಸಡಿಲ ಬಿಟ್ಟರು. ಆಸ್ಪತ್ರೆ, ವೃದ್ಧಾಶ್ರಮ, ವಿಶ್ವವಿದ್ಯಾಲಯ ಎಲ್ಲಕ್ಕೂ ಜನ ಬೇಕಿತ್ತು.

ಈಗ ನಮ್ಮ ಹುಡುಗರಿಗೆ ವೀಸಾ ಹೇಗೆ?

ಬಾಗಿಲು ಕಿರಿದಾಗಿದೆ. 2024ರ ಜನವರಿಯಿಂದ ಹೆಚ್ಚಿನ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ. ಸಂಶೋಧನೆ ಮಾಡುವವರಿಗೆ ವಿನಾಯಿತಿ ಇದೆ. ಅದೇ ವರ್ಷ ಮಾರ್ಚ್‌ನಿಂದ ಕೇರ್ ವರ್ಕರ್‌ಗಳಿಗೂ ಅದೇ ಕಟ್ಟು. 2025ರ ಜುಲೈ 22ರಿಂದ ಆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದೇ ನಿಂತಿತು. ಅಂದೇ ಕುಶಲ ಕೆಲಸಗಾರರ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್ ಆಯಿತು. 2023ರಲ್ಲಿ ಅದು 26,200 ಇತ್ತು. ಓದಿನ ನಂತರದ ಎರಡು ವರ್ಷವನ್ನು 2027ರ ಜನವರಿಯಿಂದ 18 ತಿಂಗಳಿಗೆ ಇಳಿಸುತ್ತಾರೆ. ಇದರ ಮೇಲೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕವನ್ನು ಮೊದಲೇ ಕಟ್ಟಬೇಕು. ವಿದ್ಯಾರ್ಥಿಗಳಿಗೆ ಸ್ವಲ್ಪ ಕಡಿಮೆ.

2025ರ ಜೂನ್‌ಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ ಸುಮಾರು 2 ಲಕ್ಷಕ್ಕೆ ಇಳಿದಿದೆ. ಇಳಿದರೂ ಮಾತು ಬಿಗಿಯಾಗುತ್ತಲೇ ಇದೆ.

ಒಂದು ಕಿವಿಮಾತು. ಸಾಲ ಮಾಡಿ ಹೋಗುವವರು ಏಜೆಂಟರ ಮಾತನ್ನು ನಂಬಿ ಲೆಕ್ಕ ಹಾಕಬೇಡಿ. ನನಗೆ ಗೊತ್ತಿದ್ದ ಒಬ್ಬ ಹುಡುಗಿ ಕೇರ್ ಕೆಲಸಕ್ಕೆಂದು ಲಕ್ಷಗಟ್ಟಲೆ ಕೊಟ್ಟು ಬಂದಳು. ಕರೆಸಿದ ಸಂಸ್ಥೆಯಲ್ಲಿ ವಾರಕ್ಕೆ ಎರಡು ದಿನದ ಕೆಲಸವೂ ಇರಲಿಲ್ಲ. ಪ್ರಾಯೋಜಕರು, ಅಂದರೆ ಕರೆಸಿದ ಸಂಸ್ಥೆಯವರು, ಕೈಬಿಟ್ಟರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆಯವರು ಸಿಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಬ್ರಿಟಿಷ್ ಸರ್ಕಾರದ ವೆಬ್‌ಸೈಟನ್ನೇ ನೋಡಿ.

ದೋಣಿಗಳಲ್ಲಿ ಬರುವವರನ್ನು ತಡೆಯೋಕೆ ಬ್ರೆಕ್ಸಿಟ್ ಸಾಕಾಗಲಿಲ್ವಾ?

ಎರಡು ಬೇರೆ ವಿಷಯಗಳು. ರಬ್ಬರ್ ದೋಣಿಗಳಲ್ಲಿ ಫ್ರಾನ್ಸಿನಿಂದ ಇಂಗ್ಲಿಷ್ ಕಡಲ್ಗಾಲುವೆ ದಾಟುವುದು ದೊಡ್ಡದಾಗಿ ಶುರುವಾಗಿದ್ದು 2018ರಿಂದ. 2022ರಲ್ಲಿ 45,000ಕ್ಕಿಂತ ಜಾಸ್ತಿ ಜನ ಹೀಗೆ ಬಂದರು. ಒಕ್ಕೂಟದಲ್ಲಿದ್ದಾಗ ಡಬ್ಲಿನ್ ನಿಯಮದಡಿ, ಆಶ್ರಯ ಕೇಳಿ ಬಂದ ಕೆಲವರನ್ನಾದರೂ ಮೊದಲು ಕಾಲಿಟ್ಟ ದೇಶಕ್ಕೆ ವಾಪಸ್ ಕಳಿಸಲು ಕೇಳಬಹುದಿತ್ತು. ಹೊರಬಂದ ಮೇಲೆ ಅದೂ ಹೋಯಿತು. 2025ರಲ್ಲಿ ಫ್ರಾನ್ಸಿನ ಜೊತೆ 'ಒಬ್ಬರನ್ನು ಕಳಿಸು, ಒಬ್ಬರನ್ನು ತಗೋ' ಎಂಬ ಸಣ್ಣ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಇನ್ನೊಂದು ಗೊಂದಲ. ಗಡೀಪಾರು ತಡೆಯುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಐರೋಪ್ಯ ಒಕ್ಕೂಟದ್ದಲ್ಲ. ಅದು 46 ದೇಶಗಳ ಬೇರೆಯೇ ಮಂಡಳಿಯದು. ಬ್ರಿಟನ್ ಅದರಲ್ಲಿ ಈಗಲೂ ಇದೆ. ಹೆಸರುಗಳಲ್ಲೆಲ್ಲ ಯುರೋಪ್ ಇರುವುದರಿಂದ ಬ್ರಿಟಿಷರೇ ಎಡವುತ್ತಾರೆ. ನಾವೇನು ಮಹಾ.

ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದ ಬ್ರೆಕ್ಸಿಟ್‌ನಿಂದಲೇ ಆಯ್ತಾ?

ಹೌದು, ಒಕ್ಕೂಟದೊಳಗಿದ್ದರೆ ಬ್ರಿಟನ್ ಒಂಟಿಯಾಗಿ ಸಹಿ ಹಾಕುವ ಹಾಗೇ ಇರಲಿಲ್ಲ. ಭಾರತ ಮತ್ತು ಐರೋಪ್ಯ ಒಕ್ಕೂಟದ ಮಾತುಕತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಎದ್ದಿತು. ಅಡ್ಡ ಬಂದದ್ದರಲ್ಲಿ ಕಾರು, ಮದ್ಯ ಮುಖ್ಯ. ಬ್ರಿಟನ್ 2022ರಲ್ಲಿ ಶುರುಮಾಡಿ 2025ರ ಜುಲೈ 24ರಂದು ಸಹಿ ಹಾಕಿತು. ಸ್ಕಾಚ್ ವಿಸ್ಕಿ ಮೇಲಿನ 150 ಪರ್ಸೆಂಟ್ ಸುಂಕ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು. ನಮ್ಮ ಕಡೆಯಿಂದ ಹೋಗುವ ಸರಕಿನಲ್ಲಿ 99 ಪರ್ಸೆಂಟ್ ಬಗೆಗಳಿಗೆ ಸುಂಕ ಇರದು. ಪೀಣ್ಯದ ಅಂಗಿಗೆ ಇದು ಒಳ್ಳೆಯ ಸುದ್ದಿ. ಬೆಂಗಳೂರಿನ ಐಟಿ ಕಂಪನಿಗಳು ಕಳಿಸುವ ಉದ್ಯೋಗಿಗಳು ಮೂರು ವರ್ಷದವರೆಗೆ ಅಲ್ಲಿನ ಸಾಮಾಜಿಕ ಭದ್ರತೆ ವಂತಿಗೆ ಕಟ್ಟಬೇಕಿಲ್ಲ ಎಂಬ ಮಾತೂ ಆಗ ಆಗಿತ್ತು. ಎರಡೂ ಕಡೆ ಪಿಎಫ್ ಕಟ್ಟಿದ ಹಾಗೆ ಆಗುತ್ತಿತ್ತಲ್ಲ, ಆ ತಲೆನೋವು.

ಆದರೆ ಅಳತೆ ಗೊತ್ತಿರಲಿ. ಬ್ರಿಟನ್ನಿನ ರಫ್ತಿನಲ್ಲಿ ನಲವತ್ತು ಪರ್ಸೆಂಟಿಗೂ ಹೆಚ್ಚು ಇಂದಿಗೂ ಐರೋಪ್ಯ ಒಕ್ಕೂಟಕ್ಕೇ ಹೋಗುತ್ತದೆ. ಭಾರತ ಅದರ ಹತ್ತಿರಕ್ಕೂ ಬರುವುದಿಲ್ಲ.

ಒಟ್ಟಿನಲ್ಲಿ ಲಾಭವಾ, ನಷ್ಟವಾ?

ದುಡ್ಡಿನ ಲೆಕ್ಕದಲ್ಲಿ ನಷ್ಟ. ಬ್ರಿಟನ್ನಿನ ಬಜೆಟ್ ಮೇಲೆ ಕಣ್ಣಿಡುವ ಸ್ವತಂತ್ರ ಸಂಸ್ಥೆ ಒಬಿಆರ್, ಉತ್ಪಾದಕತೆ ದೀರ್ಘಾವಧಿಯಲ್ಲಿ ಸುಮಾರು 4 ಪರ್ಸೆಂಟ್ ಕಡಿಮೆ ಆಗುತ್ತದೆ ಎಂದು ಅಂದಾಜು ಮಾಡಿದೆ. ಒಂದೇ ದಿನ ಬಿದ್ದ ಪೆಟ್ಟಲ್ಲ, ಟಯರಿನಿಂದ ನಿಧಾನಕ್ಕೆ ಗಾಳಿ ಹೋದ ಹಾಗೆ. ನಡುವೆ ಕೋವಿಡ್, ಉಕ್ರೇನ್ ಯುದ್ಧ ಬಂದದ್ದರಿಂದ ಯಾವುದು ಯಾವುದರಿಂದ ಎಂದು ಬೇರ್ಪಡಿಸುವುದು ಕಷ್ಟ.

ಲಾಭ ಇಲ್ಲವೇ ಇಲ್ಲ ಎನ್ನುವುದೂ ತಪ್ಪು. 2025ರಲ್ಲಿ ಟ್ರಂಪ್ ಸುಂಕ ಹಾಕಿದಾಗ ಬ್ರಿಟನ್ನಿಗೆ ಸಾಮಾನ್ಯ ದರ 10 ಪರ್ಸೆಂಟ್, ಒಕ್ಕೂಟಕ್ಕೆ 15. ತಪ್ಪು ಮಾಡಿದವರನ್ನು ಓಟಿನಲ್ಲಿ ಇಳಿಸಬಹುದು ಎಂಬುದೂ ಸಣ್ಣ ಮಾತಲ್ಲ. ಬ್ರಸೆಲ್ಸ್‌ನ ಅಧಿಕಾರಿಯನ್ನು ಬೋಸ್ಟನ್ನಿನ ಮತದಾರ ಇಳಿಸಲಾರ. 2024ರಲ್ಲಿ ಕನ್ಸರ್ವೇಟಿವ್ ಸರ್ಕಾರವನ್ನು ಇಳಿಸಿದ.

ನಷ್ಟ ಅಂತ ಗೊತ್ತಾದ ಮೇಲೆ ಮತ್ತೆ ಸೇರಬಹುದಲ್ಲ?

ಕೇಳಬಹುದು. ಆದರೆ ಎಲ್ಲ 27 ದೇಶಗಳೂ ಒಪ್ಪಬೇಕು. ಥ್ಯಾಚರ್ ರಿಯಾಯಿತಿ ಮತ್ತೆ ಸಿಗುತ್ತದೆ ಎಂದು ಯಾರೂ ನಂಬುವುದಿಲ್ಲ. ಹೊಸದಾಗಿ ಸೇರುವವರು ತತ್ವದಲ್ಲಿ ಯೂರೋ ಒಪ್ಪಬೇಕು. ಬಿಟ್ಟು ಹೋದ ಮನೆಗೆ ವಾಪಸ್ ಬಂದರೆ ಹಳೇ ರೂಮು ಹಳೇ ಬಾಡಿಗೆಗೆ ಸಿಗುವುದಿಲ್ಲ.

2024ರಲ್ಲಿ ಪ್ರಧಾನಿಯಾದ ಕೀರ್ ಸ್ಟಾರ್ಮರ್ ಅಧಿಕಾರಕ್ಕೆ ಬರುವಾಗಲೇ ಒಕ್ಕೂಟ ಬೇಡ, ಏಕ ಮಾರುಕಟ್ಟೆ ಬೇಡ, ಮುಕ್ತ ಓಡಾಟವೂ ಬೇಡ ಎಂದು ಗೆರೆ ಎಳೆದಿದ್ದರು. ಗೆರೆಯ ಈಚೆ ನಿಂತೇ 2025ರ ಮೇ 19ರಂದು ಲಂಡನ್ನಿನಲ್ಲಿ ಸಂಬಂಧ ರಿಪೇರಿಗೆ ಕೂತರು. ಆಹಾರದ ತಪಾಸಣೆ ಕಡಿಮೆ ಮಾಡುವ ಒಪ್ಪಂದಕ್ಕೆ ಮಾತುಕತೆ ಮಾಡೋಣ ಎಂದರು. ಬದಲಿಗೆ ಯುರೋಪಿನ ಮೀನುಗಾರರಿಗೆ 2038ರವರೆಗೆ ಬ್ರಿಟನ್ನಿನ ನೀರು. ಮೀನುಗಾರಿಕೆ ಬ್ರಿಟನ್ನಿನ ಆರ್ಥಿಕತೆಯಲ್ಲಿ ನೂರಕ್ಕೆ ಒಂದು ಭಾಗವೂ ಅಲ್ಲ. ಆದರೆ ಸಮುದ್ರ ನಮ್ಮದು ಎನ್ನುವ ಹೆಮ್ಮೆ ದೊಡ್ಡದು.

ಆ ಆಹಾರ ಒಪ್ಪಂದದ ಕರಾರು ಗಮನಿಸಿ. ಒಕ್ಕೂಟ ಆಹಾರದ ನಿಯಮ ಬದಲಾಯಿಸಿದಾಗಲೆಲ್ಲ ಬ್ರಿಟನ್ ಕೂಡ ಬದಲಾಯಿಸಬೇಕು. ಅಭಿಪ್ರಾಯ ಹೇಳಬಹುದು, ಓಟು ಇಲ್ಲ. 2014ರಲ್ಲಿ ಮಾವಿನ ನಿಷೇಧದ ಮೇಜಿನಲ್ಲಿ ಬ್ರಿಟನ್ನಿಗೂ ಒಂದು ಕುರ್ಚಿ ಇತ್ತು.

ಇದರಿಂದ ಕರ್ನಾಟಕದವರಿಗೆ ಏನಾಗಬೇಕಿದೆ?

ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರನ್ನು ಕೇಳಿ. ಭಾರತದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಕರ್ನಾಟಕದ್ದು. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋರಿಸಿದರೆ ಮಾತ್ರ ಕಾಫಿ ಒಳಗೆ ಬರಲಿ ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. ಜಾರಿಯನ್ನು ಎರಡು ಸಲ ಮುಂದೂಡಿದ್ದಾರೆ. ಆದರೂ ತೋಟ ಎಲ್ಲಿದೆ ಎಂದು ಅಕ್ಷಾಂಶ, ರೇಖಾಂಶ ಸಮೇತ ಕೊಡಬೇಕು. ನಾಲ್ಕು ಹೆಕ್ಟೇರ್‌ಗಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ಗುರುತು ಮಾಡಬೇಕು. ಸಿಲ್ವರ್ ಮರದ ನೆರಳಲ್ಲಿ ಸಿಗ್ನಲ್ ಸಿಗದ ಕಡೆ ಮೊಬೈಲ್ ಎತ್ತಿ ಹಿಡಿದು ಬೇಲಿಗುಂಟ ನಡೆಯುವ ಕೆಲಸ ಇದು.

ಮೂಡಿಗೆರೆಯವರು ಯಾವತ್ತೂ ಆ ಒಕ್ಕೂಟದಲ್ಲಿ ಇರಲಿಲ್ಲ, ಬ್ರೆಕ್ಸಿಟ್ ಮಾಡಲೂ ಇಲ್ಲ. ನಿಯಮ ಮಾತ್ರ ತೋಟಕ್ಕೆ ಬಂತು. ದೊಡ್ಡ ಗಿರಾಕಿ ಹೇಳಿದ್ದೇ ನಿಯಮ. ಬ್ರಿಟನ್ನಿನ ಚೀಸ್ ಮಾಡುವವರ ಸಂಕಟ ನಮ್ಮ ಬೆಳೆಗಾರರಿಗೆ ಚೆನ್ನಾಗಿ ಅರ್ಥವಾದೀತು.

ಕೊನೆಯದು: ಲಂಡನ್ ಜೊತೆ ಪ್ಯಾರಿಸ್ ಕೂಡ ನೋಡಬೇಕು. ಒಂದೇ ವೀಸಾ ಸಾಕಾ?

ಸಾಲುವುದಿಲ್ಲ. ಬ್ರೆಕ್ಸಿಟ್‌ಗೆ ಮೊದಲೂ ಸಾಲುತ್ತಿರಲಿಲ್ಲ. ಬ್ರಿಟನ್ನಿಗೆ ಒಂದು, ಷೆಂಗೆನ್‌ಗೆ ಇನ್ನೊಂದು. ಎರಡರ ಶುಲ್ಕವೂ ನಿಮ್ಮದೇ.

ಬುತ್ತಿ ಕಟ್ಟಿಕೊಳ್ಳುವವರು ಮಾತ್ರ ನೆನಪಿಡಿ. ಲಂಡನ್ನಿನಿಂದ ರೈಲಿನಲ್ಲಿ ಪ್ಯಾರಿಸ್‌ಗೆ ಹೋಗುವಾಗ ಮಾಂಸ, ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. ಹ್ಯಾಮ್ ಸ್ಯಾಂಡ್‌ವಿಚ್‌ಗೆ ಆದ ಗತಿ ಮೊಸರನ್ನಕ್ಕೂ ಆಗಬಹುದು. ಚಿತ್ರಾನ್ನ ಕಟ್ಟಿಕೊಳ್ಳಿ. ಹಸಿ ಕರಿಬೇವಿನ ಕಟ್ಟು ಬೇಡ, ಅದಕ್ಕೂ ಪ್ರಮಾಣಪತ್ರ ಕೇಳುತ್ತಾರೆ. ಪ್ರಮಾಣಪತ್ರ ಇಲ್ಲದೆ ಬಿಡುವ ಹಣ್ಣುಗಳು ನಾಲ್ಕೈದೇ. ಅದರಲ್ಲಿ ಬಾಳೆಹಣ್ಣು ಇದೆ. ಎಷ್ಟು ಸೊಟ್ಟಗಿದ್ದರೂ ಒಯ್ಯಬಹುದು.